ಕೋವಿಯ ಗುರಿ ಕೂಡಿಸುವ ಕ್ರಮ

ಮಳೆ ಹಿಂದೆ ಸರಿದು ನಾಟಿ ಕೆಲಸ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಕೈಲ್ ಮುಹೂರ್ತ ಬರುತ್ತದೆ. ಮನೆಯ ಕೋವಿಯನ್ನು ಹೊರತೆಗೆದು, ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜೆ ಮಾಡುತ್ತೇವೆ. ಹಬ್ಬದ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಈಗ ಅನೇಕ ಊರುಗಳಲ್ಲಿ ಪಾಯಿಂಟ್ ಟೂ ಟೂ ರೈಫಲ್ಲಿಗೂ ಹನ್ನೆರಡು ಬೋರಿನ ಕೋವಿಗೂ ಬೇರೆ ಬೇರೆ ಸ್ಪರ್ಧೆಗಳು ನಡೆಯುತ್ತವೆ. ಸ್ಪರ್ಧೆ ಮುಗಿದ ಮೇಲೆ ಕೇಳಿಬರುವ ಮಾತುಗಳು ಮಾತ್ರ ಪ್ರತಿ ವರ್ಷವೂ ಒಂದೇ. "ನನ್ನ ಕೋವಿ ಬಲಕ್ಕೆ ಎಳೆಯುತ್ತದೆ", "ಈ ಸಲದ ತೋಟಾ ಸರಿ ಇರಲಿಲ್ಲ", "ನನ್ನ ಕೈ ಮೊದಲಿನ ಹಾಗಿಲ್ಲ". ಬಹಳ ಮಟ್ಟಿಗೆ ತಪ್ಪು ತೋಟಾದ್ದೂ ಅಲ್ಲ, ಕೈಯದ್ದೂ ಅಲ್ಲ. ಕೋವಿಯ ಸೈಟು ಕೂಡಿಲ್ಲ, ಅಷ್ಟೆ.

ಸೈಟು ಎಂದರೆ ಇಲ್ಲಿ ಪಟ್ಟಣದ ನಿವೇಶನವಲ್ಲ, ಗುರಿ ನೋಡುವ ಸಾಧನ. ಅದನ್ನು ಕೂಡಿಸುವ ಕೆಲಸ ಕಷ್ಟದ್ದಲ್ಲ. ಒಂದು ಅಳತೆಪಟ್ಟಿ, ಒಂದು ಪೆನ್ಸಿಲು, ಹದಿನೈದು ತೋಟಾ ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಸಾಕು. ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹೊಸದಾಗಿ ರೈಫಲ್ಲು ಹಿಡಿದ ವರ್ಷ. ತೋಟದ ಹಿಂಬದಿಯ ಧರೆಗೆ ಹಲಗೆ ಒರಗಿಸಿ ಅಭ್ಯಾಸಕ್ಕೆ ಕುಳಿತೆ. ಚೆನ್ನಾಗಿ ಕಾಣಲೆಂದು ಹಲಗೆಯನ್ನು ಧರೆಯ ತುದಿಗೆ ಹತ್ತಿರವಾಗಿ ಎತ್ತರದಲ್ಲಿ ಇಟ್ಟಿದ್ದೆ. ಮೊದಲ ಗುಂಡು ಕೆಳಗೆ ಬಿತ್ತು. ಸೈಟನ್ನು ಒಂದು ಮೆಟ್ಟಿಲು ಏರಿಸಿದೆ. ಎರಡನೆಯದು ಮೇಲಕ್ಕೆ ಹೋಯಿತು, ಇಳಿಸಿದೆ. ಮೂರನೆಯದು ಎಡಕ್ಕೆ, ತಟ್ಟಿ ಸರಿಸಿದೆ. ಹೀಗೆ ಪ್ರತಿ ಗುಂಡಿಗೂ ಒಂದೊಂದು ತಿದ್ದುಪಡಿ. ಏಳನೆಯ ಗುಂಡಿನ ಗುರುತು ಹಲಗೆಯಲ್ಲಿ ಕಾಣಲಿಲ್ಲ, ಧರೆಯಲ್ಲೂ ಕಾಣಲಿಲ್ಲ. ದೊಡ್ಡಪ್ಪ ಕಣದ ಕಡೆಯಿಂದ ನಡೆದು ಬಂದರು. ಕೈಯಲ್ಲಿ ಒಡೆದ ಹೆಂಚಿನ ಎರಡು ತುಂಡು. ಧರೆಯ ಆಚೆ ಕಣದ ಕಾವಲಿನ ಗುಡಿಸಲಿತ್ತು. ಕಾವಲಿನವನು ಊಟಕ್ಕೆ ಹೋಗಿದ್ದರಿಂದ ಒಂದು ಹೆಂಚಿನಲ್ಲಿ ಮುಗಿಯಿತು. ದೊಡ್ಡಪ್ಪ ಬೈಯಲಿಲ್ಲ. ರೈಫಲ್ಲಿನ ಬೋಲ್ಟನ್ನು ಬಿಚ್ಚಿ ತಮ್ಮ ಜೇಬಿಗೆ ಹಾಕಿಕೊಂಡು, "ಮಣ್ಣು ಪರೀಕ್ಷೆಗೆ ತೋಟದ ಒಂದೇ ಮೂಲೆಯಿಂದ ಒಂದು ಹಿಡಿ ಮಣ್ಣು ತೆಗೆದು ಕೊಡುತ್ತೀಯೇನು? ಹತ್ತು ಕಡೆ ತೆಗೆದು ಬೆರೆಸುತ್ತೀ ತಾನೆ? ಕೋವಿಗೂ ಅಷ್ಟೇ" ಎಂದರು. ಬೋಲ್ಟು ನನ್ನ ಕೈಗೆ ಮರಳಿ ಬರಲು ಒಂದು ತಿಂಗಳು ಹಿಡಿಯಿತು.

ಈ ಲೇಖನದ ಸಾರವೆಲ್ಲ ಅವರ ಆ ಮಾತಿನಲ್ಲೇ ಇದೆ. ಒಂದು ಗುಂಡನ್ನು ನೋಡಿ ಸೈಟು ಮುಟ್ಟಬಾರದು. ಮೊದಲು ಗುಂಪು, ಆಮೇಲೆ ಅಳತೆ, ಕೊನೆಗೆ ತಿರುಪು.

ಗುಂಡು ಹೋಗುವ ದಾರಿ

ತೆರೆದ ಸೈಟಿನ ರೈಫಲ್ಲಿನಲ್ಲಿ ನಳಿಗೆಯ ತುದಿಯಲ್ಲಿ ಒಂದು ಮೊಳೆಯಂಥ ಮುಂದಿನ ಸೈಟು, ಕಣ್ಣಿನ ಕಡೆಗೆ ಕಚ್ಚು ಇರುವ ಹಿಂದಿನ ಸೈಟು ಇರುತ್ತವೆ. ಕಣ್ಣು, ಹಿಂದಿನ ಕಚ್ಚು, ಮುಂದಿನ ಮೊಳೆ, ಗುರಿ ಈ ನಾಲ್ಕೂ ಒಂದೇ ಗೆರೆಯಲ್ಲಿ ಬಂದಾಗ ಅದು ನೋಟದ ಗೆರೆ. ಈ ಗೆರೆ ನೇರ. ಗುಂಡು ಹೋಗುವ ದಾರಿ ನೇರವಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಭೂಮಿಯ ಸೆಳೆತಕ್ಕೆ ಸಿಕ್ಕಿ ಇಳಿಯತೊಡಗುತ್ತದೆ. ಸಾಧಾರಣ ವೇಗದ ಪಾಯಿಂಟ್ ಟೂ ಟೂ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟು, 50 ಮೀಟರ್ ದೂರ ಹೋಗುವಷ್ಟರಲ್ಲಿ ನಳಿಗೆಯ ನೇರಕ್ಕಿಂತ ಸುಮಾರು 12 ಸೆಂ.ಮೀ. ಕೆಳಗೆ ಬಂದಿರುತ್ತದೆ.

ಹಾಗಾದರೆ ಗುರಿಗೆ ಹೇಗೆ ತಗಲುತ್ತದೆ? ನೋಟದ ಗೆರೆಯನ್ನು ಗುರಿಗೆ ಹಿಡಿದಾಗ ನಳಿಗೆಯ ಮೂತಿ ತುಸು ಮೇಲಕ್ಕೆ ಇರುವಂತೆ ಸೈಟುಗಳನ್ನು ಕೂಡಿಸಿರುತ್ತಾರೆ. ಗುಂಡು ನೋಟದ ಗೆರೆಯ ಕೆಳಗಿನಿಂದ ಹೊರಟು, ಹತ್ತಿರದಲ್ಲಿ ಒಮ್ಮೆ ಆ ಗೆರೆಯನ್ನು ದಾಟಿ ಮೇಲೇರಿ, ಮುಂದೆ ಇಳಿಯುತ್ತಾ ಎರಡನೆಯ ಸಲ ಅದನ್ನು ದಾಟುತ್ತದೆ. ಹೀಗೆ ಎರಡನೆಯ ಸಲ ದಾಟುವ ಸ್ಥಳವೇ ನಿಮ್ಮ ಗುರಿಯ ದೂರದಲ್ಲಿ ಬರುವಂತೆ ಮಾಡುವುದಕ್ಕೆ ಗುರಿ ಕೂಡಿಸುವುದು ಅಥವಾ ಝೀರೋ ಮಾಡುವುದು ಎನ್ನುತ್ತಾರೆ.

ಇದರಿಂದ ತಿಳಿಯಬೇಕಾದ್ದು ಏನೆಂದರೆ, "ನನ್ನ ಕೋವಿ ಕೂಡಿದೆ" ಎಂಬ ಮಾತು ಅರ್ಧ ಮಾತ್ರ. ಎಷ್ಟು ದೂರಕ್ಕೆ, ಯಾವ ತೋಟಾಕ್ಕೆ ಎಂಬುದನ್ನೂ ಹೇಳಬೇಕು. 50 ಮೀಟರಿಗೆ ಕೂಡಿಸಿದ ಪಾಯಿಂಟ್ ಟೂ ಟೂ, ಸಾಧಾರಣ ವೇಗದ ತೋಟಾದಲ್ಲಿ, 25 ಮೀಟರಿನಲ್ಲಿ ಸುಮಾರು 2 ಸೆಂ.ಮೀ. ಮೇಲಕ್ಕೂ 75 ಮೀಟರಿನಲ್ಲಿ ಸುಮಾರು 10 ಸೆಂ.ಮೀ. ಕೆಳಕ್ಕೂ ಹೊಡೆಯುತ್ತದೆ. ಇದು ದೋಷವಲ್ಲ, ಸಹಜ.

ಕಾನೂನು ಮತ್ತು ಸ್ಥಳ

ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಕಾಲಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದೆ. ಉಳಿದವರು 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸು ಪಡೆದೇ ಕೋವಿ ಇಟ್ಟುಕೊಳ್ಳಬೇಕು. ಆದರೆ ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ, ಎಚ್ಚರಿಕೆಗಲ್ಲ. 2019ರ ತಿದ್ದುಪಡಿಯ ಪ್ರಕಾರ ಬೇಜವಾಬ್ದಾರಿಯಿಂದಾಗಲಿ ಸಂಭ್ರಮಕ್ಕಾಗಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲರಿಗೂ ಒಂದೇ. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಆನೆ, ಕಾಡುಹಂದಿಗಳ ಕಾಟವಿದ್ದಲ್ಲಿ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು, ಕೂಡಿಸಿದ ರೈಫಲ್ಲು ಅದಕ್ಕೆ ಉತ್ತರವಲ್ಲ.

ಗುರಿ ಕೂಡಿಸಲು ಎಲ್ಲಕ್ಕಿಂತ ಒಳ್ಳೆಯ ಸ್ಥಳ ರೈಫಲ್ ಸಂಘದ ರೇಂಜು. ಸ್ವಂತ ಜಾಗದಲ್ಲಿ ಮಾಡಬೇಕೆಂದಿರುವವರು ಅದಕ್ಕೆ ಅಡ್ಡಿ ಇದೆಯೇ ಎಂದು ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ತಿಳಿಸಿಯೇ ಮಾಡತಕ್ಕದ್ದು. ಆಗ ಈ ಕೆಳಗಿನ ಅಂಶಗಳನ್ನು ತಪ್ಪದೆ ಗಮನಿಸಬೇಕು.

1. ಗುರಿಯ ಹಿಂದೆ ಎತ್ತರವಾದ, ಕಲ್ಲಿಲ್ಲದ ಮೆದು ಮಣ್ಣಿನ ಧರೆ ಇರಬೇಕು. ಹಲಗೆಯನ್ನು ಧರೆಯ ಬುಡದಲ್ಲಿ ಇಡಬೇಕು, ತುದಿಯಲ್ಲಲ್ಲ. ಹಲಗೆಯ ಮೇಲೆ ಕನಿಷ್ಠ ಎರಡಾಳೆತ್ತರದ ಮಣ್ಣು ಕಾಣುತ್ತಿರಲಿ.

2. ಮುರಕಲ್ಲಿನ ಗೋಡೆ, ಬಂಡೆ, ಕೆರೆಯ ನೀರು ಇವು ಯಾವುವೂ ಹಿನ್ನೆಲೆಯಾಗಬಾರದು. ಸೀಸದ ಗುಂಡು ಕಲ್ಲಿನ ಮೇಲೂ ನೀರಿನ ಮೇಲೂ ಜಾರಿ ಬೇರೆ ದಿಕ್ಕಿಗೆ ಹಾರುತ್ತದೆ. ಅಡಿಕೆ ಮರವನ್ನೋ ಸಿಲ್ವರ್ ಓಕನ್ನೋ ನಂಬಿ ಹೊಡೆಯಬಾರದು.

3. ಪಾಯಿಂಟ್ ಟೂ ಟೂ ಚಿಕ್ಕದೆಂದು ಹಗುರವಾಗಿ ಎಣಿಸಬೇಡಿ. ಅಡ್ಡಿಯಿಲ್ಲದಿದ್ದರೆ ಆ ಗುಂಡು ಒಂದೂವರೆ ಕಿಲೋಮೀಟರಿಗೂ ದೂರ ಹೋಗಬಲ್ಲದು. ಧರೆಯ ಆಚೆ ಏನಿದೆ ಎಂದು ಗೊತ್ತಿದೆ ಎನ್ನಬೇಡಿ. ಆ ದಿನ ನಡೆದು ಹೋಗಿ ನೋಡಿ ಬನ್ನಿ.

4. ಸಂತೆಯ ದಿನ ತೋಟದಲ್ಲಿ ಆಳುಗಳಿರುವುದಿಲ್ಲ ಎಂಬ ಲೆಕ್ಕ ಸಾಲದು. ಸೌದೆಗೆ, ಹುಲ್ಲಿಗೆ, ಬಿದ್ದ ಅಡಿಕೆ ಹೆಕ್ಕಲು ಬಂದವರಿರಬಹುದು. ಲೈನಿನ ಮನೆಗಳಿಗೆ ಮುಂಚಿತವಾಗಿ ಹೇಳಿ ಕಳುಹಿಸಿ, ದಾರಿಯ ಎರಡು ತುದಿಗೂ ಕೆಂಪು ಬಟ್ಟೆ ಕಟ್ಟಿ, ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಬೇಕು.

5. ಹಲಗೆಯ ಬಳಿ ಯಾರಾದರೂ ಹೋಗುವಾಗ ಬೋಲ್ಟು ತೆರೆದಿರಬೇಕು, ಮ್ಯಾಗಜೀನು ಹೊರಗಿರಬೇಕು, ಕೋವಿಗೆ ಯಾರ ಕೈಯೂ ತಾಗಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿಗಿಂತ ಮೇಲಾದ ಮುಚ್ಚಳ ಇರಲಿ.

ಕೋವಿಯ ತಯಾರಿ

ಮಲೆನಾಡಿನ ಮಳೆಗಾಲ ಕೋವಿಗೆ ಶತ್ರು. ತೇವಕ್ಕೆ ಮರದ ಹಿಡಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮರ ನಳಿಗೆಯನ್ನು ಒತ್ತುವ ರೀತಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಕಳೆದ ವರ್ಷ ಕೂಡಿಸಿದ ರೈಫಲ್ಲು ಈ ವರ್ಷ ತಪ್ಪುವುದಕ್ಕೆ ಇದೇ ಬಹುಮಟ್ಟಿನ ಕಾರಣ. ಆದ್ದರಿಂದ ಸೈಟು ಮುಟ್ಟುವ ಮೊದಲು ಕೋವಿಯನ್ನೇ ನೋಡಬೇಕು.

ಮೊದಲನೆಯದಾಗಿ, ಬೋಲ್ಟು ತೆಗೆದು ಕೋವಿ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಬಳಿಕ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದುಂಟು. ಪೂಜೆಯ ದಿನ ಮೂತಿಗೆ ಸಿಕ್ಕಿಸಿದ ಹೂವಿನ ತೊಟ್ಟು ಒಳಗೇ ಉಳಿದಿರುವುದೂ ಉಂಟು. ನಳಿಗೆಯಲ್ಲಿ ಅಡ್ಡ ಏನಾದರೂ ಇದ್ದು ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಎರಡನೆಯದಾಗಿ, ಹಿಡಿಯ ತಿರುಪುಗಳೂ ಸೈಟಿನ ತಿರುಪುಗಳೂ ಬಿಗಿಯಾಗಿವೆಯೇ ನೋಡಿ. ಮೂರನೆಯದಾಗಿ, ನಳಿಗೆಯೊಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಇರುವ ನಳಿಗೆಯ ಮೊದಲ ಗುಂಡು ಬೇರೆ ಕಡೆಗೆ ಹೋಗುತ್ತದೆ. ಒರೆಸಿದ ಮೇಲೂ ಮೊದಲನೆಯ ಗುಂಡನ್ನು ಲೆಕ್ಕಕ್ಕೆ ಹಿಡಿಯಬಾರದು.

ತೋಟಾ ಎಲ್ಲವೂ ಒಂದೇ ಕಂಪೆನಿಯದು, ಒಂದೇ ಪೆಟ್ಟಿಗೆಯದು ಆಗಿರಲಿ. ನೆಂಟರ ಮನೆಯಿಂದ ತಂದ ಐದು, ಹಳೆಯ ಪೆಟ್ಟಿಗೆಯ ನಾಲ್ಕು ಎಂದು ಬೆರೆಸಿದರೆ ಲೆಕ್ಕ ಕೂಡುವುದಿಲ್ಲ.

ನಳಿಗೆಯೊಳಗಿಂದ ನೋಡುವ ಕ್ರಮ

ಸೈಟು ತೀರಾ ತಪ್ಪಿದ್ದರೆ ಮೊದಲ ಗುಂಡು ಹಲಗೆಗೇ ತಗಲದೆ ಹೋಗಬಹುದು. ತೋಟಾ ಖರ್ಚಿಲ್ಲದೆ ಇದನ್ನು ಸರಿಪಡಿಸಬಹುದು. ಗಟ್ಟಿಯಾದ ಮೇಜಿನ ಮೇಲೆ ಮರಳು ಇಲ್ಲವೆ ಭತ್ತದ ಹೊಟ್ಟು ತುಂಬಿದ ಎರಡು ಚಿಕ್ಕ ಗೋಣಿಚೀಲ ಇಟ್ಟು, ರೈಫಲ್ಲಿನ ಮುಂಗೈ ಹಿಡಿಯನ್ನು ಒಂದರ ಮೇಲೂ ಬಟ್ಟನ್ನು ಇನ್ನೊಂದರ ಮೇಲೂ ಒತ್ತಿ ಕೂರಿಸಿ. ಬೋಲ್ಟನ್ನು ಪೂರ್ತಿ ಹೊರತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಿ. 25 ಮೀಟರ್ ದೂರದ ಹಲಗೆಯ ಕಪ್ಪು ಬೊಟ್ಟು ನಳಿಗೆಯ ದುಂಡು ಕಿಂಡಿಯ ನಡುವೆ ಬರುವಂತೆ ಚೀಲಗಳನ್ನು ಸರಿಪಡಿಸಿ. ಈಗ ಕೋವಿ ಅಲುಗದಂತೆ ತಲೆ ಎತ್ತಿ ಸೈಟಿನ ಮೂಲಕ ನೋಡಿ. ಸೈಟೂ ಅದೇ ಬೊಟ್ಟಿನ ಹತ್ತಿರ ತೋರಿಸಬೇಕು. ದೂರ ತೋರಿಸುತ್ತಿದ್ದರೆ ಹತ್ತಿರಕ್ಕೆ ತನ್ನಿ.

ಇದು ಅಂದಾಜು ಮಾತ್ರ. ಗುಂಡು ಹಲಗೆಯ ಮೇಲೆ ಬೀಳಲು ಇಷ್ಟು ಸಾಕು. ಇದನ್ನೇ ನಂಬಿ ಸ್ಪರ್ಧೆಗೆ ಹೋಗಬಾರದು. ಬೋಲ್ಟು ಹಿಂದಕ್ಕೆ ಬಾರದ ರೈಫಲ್ಲುಗಳಲ್ಲಿ ಈ ಕ್ರಮ ನಡೆಯದು. ಅವುಗಳಿಗೆ ಇನ್ನೂ ಹತ್ತಿರದಲ್ಲಿ, 10 ಮೀಟರಿನಲ್ಲಿ, ದೊಡ್ಡ ಕಾಗದ ಇಟ್ಟು ಆರಂಭಿಸುವುದು ಒಳ್ಳೆಯದು.

ಗುಂಪು ಹೊಡೆಯುವುದು

ಹಳೆಯ ಕ್ಯಾಲೆಂಡರಿನ ಹಿಂಬದಿ ಬಿಳಿ ಕಾಗದವಾದರೂ ಸಾಕು. ನಡುವೆ 4 ಸೆಂ.ಮೀ. ಅಗಲದ ಕಪ್ಪು ಬೊಟ್ಟು ಬರೆದು, ಅದರ ಮಧ್ಯದಿಂದ ನೆಟ್ಟಗೆ ಒಂದು, ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ನೀವು ಬೊಟ್ಟಿನ ನಡುವಿಗೇ ಗುರಿ ಹಿಡಿಯುವವರೋ, ಬೊಟ್ಟಿನ ಬುಡಕ್ಕೆ ಹಿಡಿಯುವವರೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಕೊನೆಯವರೆಗೂ ಹಾಗೆಯೇ ಮಾಡಿ.

ಕೋವಿಯನ್ನು ಚೀಲದ ಮೇಲೆ ಇಡುವಾಗ ಮರದ ಭಾಗ ಮಾತ್ರ ಚೀಲಕ್ಕೆ ತಾಗಬೇಕು, ನಳಿಗೆ ತಾಗಬಾರದು. ಕೋವಿ ಯಾವ ಕಡೆಗೂ ವಾಲಬಾರದು. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಕುದುರೆಯನ್ನು ಎಳೆಯದೆ, ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲನೆ ಒತ್ತಿ. ಕಣ್ಣಿನ ಗಮನ ಮುಂದಿನ ಮೊಳೆಯ ಮೇಲಿರಲಿ. ಬೊಟ್ಟು ತುಸು ಮಸುಕಾಗಿ ಕಂಡರೂ ಅಡ್ಡಿಯಿಲ್ಲ. ಮೊಳೆ ಬಿಸಿಲಿಗೆ ಹೊಳೆಯುತ್ತಿದ್ದರೆ ಹೊಳಪಿನ ಕಡೆಗೆ ಕಣ್ಣು ಮೋಸಹೋಗುತ್ತದೆ. ಮನೆಯಲ್ಲೇ, ತೋಟಾ ಹತ್ತಿರ ಇಲ್ಲದ ಕಡೆ, ಕರ್ಪೂರದ ಮಸಿ ಹಿಡಿಸಿಕೊಂಡು ಬಂದರೆ ಹೊಳಪು ಹೋಗುತ್ತದೆ.

ಮೊದಲು ಒಂದು ಗುಂಡನ್ನು ನಳಿಗೆ ಹದಕ್ಕೆ ಬರಲೆಂದು ಧರೆಗೆ ಹಾರಿಸಿ. ಆಮೇಲೆ 25 ಮೀಟರಿನಿಂದ ಮೂರು ಗುಂಡು. ಮೊದಲನೆಯದು ಎಲ್ಲಿಗೆ ಬಿದ್ದರೂ ಸರಿ, ಸೈಟನ್ನು ಮುಟ್ಟದೆ, ಗುರಿಯನ್ನು ಬದಲಿಸದೆ, ಮೂರನ್ನೂ ಒಂದೇ ಜಾಗಕ್ಕೆ ಹಿಡಿಯಿರಿ.

ಹೀಗೇಕೆ? ಎಷ್ಟು ಒಳ್ಳೆಯ ಕೋವಿಯಾದರೂ, ಎಷ್ಟು ಒಳ್ಳೆಯ ಕೈಯಾದರೂ ಎಲ್ಲ ಗುಂಡೂ ಒಂದೇ ತೂತಿನಲ್ಲಿ ಹೋಗುವುದಿಲ್ಲ. ಸ್ವಲ್ಪ ಹರಡುತ್ತವೆ. ಹರಡಿಕೆ ಕೋವಿ, ತೋಟಾ, ಕೈಗಳಿಗೆ ಸೇರಿದ್ದು, ಸೈಟಿಗೆ ಸೇರಿದ್ದಲ್ಲ. ಗುಂಪಿನ ನಡುವು ಎಲ್ಲಿದೆ ಎಂಬುದು ಮಾತ್ರ ಸೈಟಿನ ವಿಷಯ. ಒಂದು ಗುಂಡು ನೋಡಿ ತಿದ್ದಿದರೆ ನಾವು ಹರಡಿಕೆಯನ್ನೇ ದೋಷವೆಂದು ತಿಳಿದು ಅದರ ಹಿಂದೆ ಓಡಿದಂತಾಗುತ್ತದೆ. ಸರಿಯಾಗಿರುವ ಸೈಟೂ ಆಗ ಹಾಳಾಗುತ್ತದೆ. ನಾನು ಹೆಂಚು ಒಡೆದದ್ದು ಹೀಗೆಯೇ.

ಅಳತೆ ಮತ್ತು ಲೆಕ್ಕ

ಗುಂಪು ಬಿದ್ದ ಮೇಲೆ ಕಾಗದವನ್ನು ತಂದು ಪ್ರತಿ ತೂತೂ ನೆಟ್ಟಗಿನ ಗೆರೆಯಿಂದ ಎಷ್ಟು ಎಡಕ್ಕೆ ಅಥವಾ ಬಲಕ್ಕೆ, ಅಡ್ಡಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೆಂದು ಅಳೆಯಿರಿ. ಒಂದು ಉದಾಹರಣೆ. 50 ಮೀಟರಿನಿಂದ ಐದು ಗುಂಡು ಹೊಡೆದಾಗ ಬಲಕ್ಕೆ 4, 6, 5, 7, 3 ಸೆಂ.ಮೀ. ಬಂತೆನ್ನಿ. ಒಟ್ಟು 25, ಐದರಿಂದ ಭಾಗಿಸಿದರೆ 5. ಕೆಳಕ್ಕೆ 2, 3, 4, 2, 4 ಸೆಂ.ಮೀ. ಬಂತೆನ್ನಿ. ಒಟ್ಟು 15, ಭಾಗಿಸಿದರೆ 3. ಅಂದರೆ ಗುಂಪಿನ ನಡುವು 5 ಸೆಂ.ಮೀ. ಬಲಕ್ಕೆ, 3 ಸೆಂ.ಮೀ. ಕೆಳಗೆ ಇದೆ. ನಾಲ್ಕನೆಯ ಗುಂಡನ್ನು ಮಾತ್ರ ನೋಡಿದ್ದರೆ 7 ಎಂದು ತಿದ್ದುತ್ತಿದ್ದೆವು, ಐದನೆಯದನ್ನು ಮಾತ್ರ ನೋಡಿದ್ದರೆ 3 ಎಂದು.

ಇನ್ನು ಸೈಟನ್ನು ಎಷ್ಟು ಸರಿಸಬೇಕು? ಹಿಂದಿನ ಸೈಟಿನಿಂದ ಮುಂದಿನ ಸೈಟಿನವರೆಗಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಲೆಕ್ಕ ಹೀಗಿದೆ: ಗುಂಪು ತಪ್ಪಿದ ಅಳತೆಯನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಮೂರೂ ಮಿಲಿಮೀಟರಿನಲ್ಲಿರಲಿ. ಸೈಟುಗಳ ಅಂತರ 50 ಸೆಂ.ಮೀ., ಅಂದರೆ 500 ಮಿ.ಮೀ. ದೂರ 50 ಮೀಟರ್, ಅಂದರೆ 50,000 ಮಿ.ಮೀ. ಬಲಕ್ಕೆ ತಪ್ಪಿದ್ದು 50 ಮಿ.ಮೀ. ಹಾಗಾದರೆ 50 ಗುಣಿಸು 500, ಭಾಗಿಸು 50,000. ಉತ್ತರ ಅರ್ಧ ಮಿಲಿಮೀಟರ್! ಕೆಳಕ್ಕೆ ತಪ್ಪಿದ 30 ಮಿ.ಮೀ.ಗೆ ಲೆಕ್ಕ ಹಾಕಿದರೆ 0.3 ಮಿಲಿಮೀಟರ್.

ಇಷ್ಟು ಚಿಕ್ಕ ಅಳತೆ ಎಂಬುದೇ ಇಲ್ಲಿನ ಪಾಠ. ಇಂಥ ರೈಫಲ್ಲಿನಲ್ಲಿ ಹಿಂದಿನ ಸೈಟು ಒಂದು ಮಿಲಿಮೀಟರ್ ಸರಿದರೆ ಗುಂಡು 25 ಮೀಟರಿನಲ್ಲಿ 5 ಸೆಂ.ಮೀ., 50 ಮೀಟರಿನಲ್ಲಿ 10 ಸೆಂ.ಮೀ. ಸರಿಯುತ್ತದೆ. ಸುತ್ತಿಗೆಯಿಂದ ಜೋರಾಗಿ ಹೊಡೆದು "ಸ್ವಲ್ಪ ಸರಿಸಿದೆ" ಎನ್ನುವವರು ನಿಜವಾಗಿ ಎಷ್ಟು ಸರಿಸಿರುತ್ತಾರೆ ಎಂದು ಯೋಚಿಸಿ.

ಯಾವ ಕಡೆಗೆ ಸರಿಸಬೇಕು

ಹೆಚ್ಚು ಮಂದಿ ತಪ್ಪುವುದು ಇಲ್ಲೇ. ನೆನಪಿಡಬೇಕಾದ್ದು ಒಂದೇ ಸೂತ್ರ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಬೇಕು. ಮುಂದಿನ ಸೈಟನ್ನು ಅದಕ್ಕೆ ವಿರುದ್ಧವಾಗಿ ಸರಿಸಬೇಕು. ಗುಂಡು ಬಲಕ್ಕೆ ಬೀಳುತ್ತಿದೆ, ಎಡಕ್ಕೆ ಹೋಗಬೇಕು ಎಂದರೆ ಹಿಂದಿನ ಸೈಟು ಎಡಕ್ಕೆ. ಗುಂಡು ಕೆಳಗೆ ಬೀಳುತ್ತಿದೆ, ಮೇಲೆ ಹೋಗಬೇಕು ಎಂದರೆ ಹಿಂದಿನ ಸೈಟು ಮೇಲಕ್ಕೆ.

ಸಾಮಾನ್ಯ ರೈಫಲ್ಲುಗಳಲ್ಲಿ ಹಿಂದಿನ ಸೈಟಿನ ಅಡಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ತಗಡು ಇರುತ್ತದೆ. ಅದನ್ನು ಹಿಂದೆ ಮುಂದೆ ಸರಿಸಿದರೆ ಸೈಟು ಏರುತ್ತದೆ, ಇಳಿಯುತ್ತದೆ. ಎಡಬಲಕ್ಕೆ ಸರಿಸಲು ಸೈಟು ಕೂತಿರುವ ಗಾಡಿಯಲ್ಲಿ ಅದನ್ನು ಹಿತ್ತಾಳೆಯ ಕಡ್ಡಿ ಇಲ್ಲವೆ ಗಟ್ಟಿ ಮರದ ತುಂಡು ಇಟ್ಟು ಮೆಲ್ಲನೆ ತಟ್ಟಬೇಕು. ಉಕ್ಕಿನ ಉಳಿ ಬೇಡ. ತಟ್ಟುವ ಮೊದಲು ಸೈಟಿನ ಮೇಲೂ ನಳಿಗೆಯ ಮೇಲೂ ಕೂಡುವಂತೆ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡರೆ ಎಷ್ಟು ಸರಿಯಿತೆಂದು ತಿಳಿಯುತ್ತದೆ, ತಪ್ಪಿದರೆ ಹಿಂದಕ್ಕೆ ತರಲೂ ಬರುತ್ತದೆ. ಈ ಕೆಲಸವೆಲ್ಲ ಕೋವಿ ಖಾಲಿ ಇರುವಾಗ, ಬೋಲ್ಟು ಹೊರಗಿರುವಾಗ ಮಾತ್ರ. ಮುಂದಿನ ಮೊಳೆಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದರೂ ಗುಂಡು ಮೇಲೇರುತ್ತದೆ. ಆದರೆ ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು. ಬೇರೆ ದಾರಿ ಇಲ್ಲದಾಗ, ಕೋವಿ ರಿಪೇರಿಯ ಲೈಸೆನ್ಸು ಇರುವವರ ಕೈಯಿಂದಲೇ ಮಾಡಿಸತಕ್ಕದ್ದು.

ಹದಿನೈದು ತೋಟಾಗಳ ಲೆಕ್ಕ

ವರ್ಷಕ್ಕೆ ಕೊಳ್ಳಬಹುದಾದ ತೋಟಾಗಳಿಗೆ ಮಿತಿ ಇದೆ, ಬೆಲೆಯೂ ಏರಿದೆ. ಆದ್ದರಿಂದ ಖರ್ಚು ಮೊದಲೇ ಗೊತ್ತಿರಲಿ.

1. ನಳಿಗೆ ಹದಕ್ಕೆ: 1.
2. 25 ಮೀಟರಿನಿಂದ: 3. ಅಳೆದು, ಲೆಕ್ಕ ಹಾಕಿ, ತಿದ್ದುವುದು. 50 ಮೀಟರಿಗೆ ಕೂಡಿಸಬೇಕೆಂದಿದ್ದರೆ ಇಲ್ಲಿ ಗುಂಪು ಗುರಿಗಿಂತ 2 ಸೆಂ.ಮೀ. ಮೇಲೆ ಬರುವಂತೆ ತಿದ್ದಬೇಕು.
3. 50 ಮೀಟರಿನಿಂದ: 5. ಮತ್ತೆ ಅಳೆದು ತಿದ್ದುವುದು.
4. ಅದೇ ದೂರದಿಂದ ಪರೀಕ್ಷೆಗೆ: 5. ಗುಂಪಿನ ನಡುವು ಗುರಿಯಲ್ಲಿದ್ದರೆ ಇನ್ನು ಮುಟ್ಟಬಾರದು.
5. ಮರುದಿನ ತಣ್ಣಗಿನ ಕೋವಿಯಿಂದ: 1.

ಒಟ್ಟು 15. ಸ್ಪರ್ಧೆಯ ದೂರ 50 ಮೀಟರ್ ಅಲ್ಲದಿದ್ದರೆ ಮೂರು, ನಾಲ್ಕನೆಯ ಹಂತಗಳನ್ನು ಸ್ಪರ್ಧೆಯ ದೂರದಲ್ಲೇ ಮಾಡಬೇಕು. ಮುಗಿದ ಮೇಲೆ ದಿನಾಂಕ, ತೋಟಾದ ಹೆಸರು, ದೂರ, ಸೈಟಿನ ಮೆಟ್ಟಿಲು ಇಷ್ಟನ್ನೂ ಡೈರಿಯಲ್ಲಿ ಬರೆದಿಡಿ. ಔಷಧಿ ಸಿಂಪಡಣೆಯ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಾದರೂ ಆದೀತು. ಖಾಲಿ ತೋಟಾಗಳನ್ನು ಎಣಿಸಿ ಮನೆಗೆ ತನ್ನಿ.

ದುರ್ಬೀನು ಇರುವ ರೈಫಲ್ಲು

ದುರ್ಬೀನಿನ ಮೇಲೆ ಮತ್ತು ಬದಿಯಲ್ಲಿ ಎರಡು ಗುಂಡಿಗಳಿರುತ್ತವೆ. ಬಾಣದ ಗುರುತು ತೋರಿಸುವುದು ಗುಂಡು ಸರಿಯುವ ದಿಕ್ಕನ್ನು. ಬಹಳಷ್ಟು ದುರ್ಬೀನುಗಳಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಮಿನಿಟು. ಇಲ್ಲಿ ಮಿನಿಟು ಕಾಲದ ಅಳತೆಯಲ್ಲ, ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಮೀಟರಿನಲ್ಲಿ ಒಂದು ಮಿನಿಟು ಸುಮಾರು 2.9 ಸೆಂ.ಮೀ. ಹಾಗಾಗಿ ಕಾಲು ಮಿನಿಟಿನ ಒಂದು ಕ್ಲಿಕ್ 50 ಮೀಟರಿನಲ್ಲಿ ಸುಮಾರು 3.6 ಮಿ.ಮೀ. ಮಾತ್ರ. ಮೇಲಿನ ಉದಾಹರಣೆಯ 5 ಸೆಂ.ಮೀ.ಗೆ 14 ಕ್ಲಿಕ್, 3 ಸೆಂ.ಮೀ.ಗೆ 8 ಕ್ಲಿಕ್ ಬೇಕಾಗುತ್ತದೆ.

ಇಬ್ಬರಿದ್ದರೆ ಇನ್ನೊಂದು ಸುಲಭ ಉಪಾಯವಿದೆ. ಗುಂಪಿನ ನಡುವಿಗೆ ಒಂದು ಕಾಗದದ ಚುಕ್ಕೆ ಅಂಟಿಸಿ ಬಂದು, ಖಾಲಿ ಮಾಡಿದ ಕೋವಿಯನ್ನು ಚೀಲದ ಮೇಲೆ ಮೊದಲಿನ ಗುರಿಗೇ ಹಿಡಿದು ಒಬ್ಬರು ಗಟ್ಟಿಯಾಗಿ ಒತ್ತಿಕೊಳ್ಳಬೇಕು. ಇನ್ನೊಬ್ಬರು ಗುಂಡಿಗಳನ್ನು ತಿರುಗಿಸುತ್ತಾ ಹೋಗಬೇಕು. ಅಡ್ಡಗೆರೆಗಳು ಗುರಿಯಿಂದ ಸರಿದು ಆ ಚುಕ್ಕೆಯ ಮೇಲೆ ಬಂದಾಗ ನಿಲ್ಲಿಸಬೇಕು. ಕೋವಿ ಅಲುಗಿದರೆ ಮೊದಲಿನಿಂದ ಮಾಡಬೇಕು.

ಹನ್ನೆರಡು ಬೋರಿನ ತೋಟಾಕೋವಿ

ಚರೆ ಹೊಡೆಯುವ ಕೋವಿಗೆ ಸಾಮಾನ್ಯವಾಗಿ ಮೂತಿಯಲ್ಲಿ ಒಂದು ಮಣಿ ಮಾತ್ರ ಇರುತ್ತದೆ, ತಿರುಗಿಸಲು ತಿರುಪಿಲ್ಲ. ಅಲ್ಲಿ ನಿಮ್ಮ ಕಣ್ಣೇ ಹಿಂದಿನ ಸೈಟು. ಕೆನ್ನೆ ಹಿಡಿಯ ಮೇಲೆ ಪ್ರತಿಸಲವೂ ಒಂದೇ ಜಾಗದಲ್ಲಿ ಕೂರಬೇಕು. ತಲೆ ಎತ್ತಿದರೆ ಹೊಡೆತ ಮೇಲೇರುತ್ತದೆ. ಒಂದು ಮೀಟರ್ ಅಗಲದ ಕಾಗದಕ್ಕೆ ಸ್ಪರ್ಧೆಯ ದೂರದಿಂದ ಹೊಡೆದು ಚರೆ ಎಲ್ಲಿ ದಟ್ಟವಾಗಿ ಬಿದ್ದಿದೆ ಎಂದು ನೋಡಿ. ಜೋಡು ನಳಿಗೆಯಾದರೆ ಎರಡಕ್ಕೂ ಬೇರೆ ಬೇರೆ ಕಾಗದ ಬೇಕು.

ಸದಸ್ಯರ ಕೆಲವು ಪ್ರಶ್ನೆಗಳು

ಪ್ರಶ್ನೆ: ಗುಂಪು ತೀರಾ ಹರಡಿದೆ. ಆಗಲೂ ಸರಾಸರಿ ತೆಗೆದು ತಿದ್ದಬಹುದೆ?
ಉತ್ತರ: ಬೇಡ. ಮೊದಲು ಹರಡಿಕೆಯ ಕಾರಣ ಹುಡುಕಿ. ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದರೆ ಉಸಿರನ್ನೂ ಚೀಲದ ಆಸರೆಯನ್ನೂ ನೋಡಿ. ಅಡ್ಡಕ್ಕೆ ಹರಡಿದ್ದರೆ ಕುದುರೆ ಎಳೆಯುವ ರೀತಿ ನೋಡಿ. ಎರಡು ಬೇರೆ ಬೇರೆ ಗುಂಪುಗಳಾಗಿದ್ದರೆ ಯಾವುದೋ ತಿರುಪು ಸಡಿಲವಿರಬಹುದು.

ಪ್ರಶ್ನೆ: ನನ್ನ ಮಗ ಅದೇ ರೈಫಲ್ಲಿನಲ್ಲಿ ಹೊಡೆದರೆ ಗುಂಡು ಬೇರೆ ಕಡೆ ಬೀಳುತ್ತದೆ. ಏಕೆ?
ಉತ್ತರ: ಇಬ್ಬರ ಕೆನ್ನೆ, ಕಣ್ಣು, ಹಿಡಿತ ಒಂದೇ ಅಲ್ಲ. ಯಾರು ಸ್ಪರ್ಧೆಗೆ ಹೋಗುತ್ತಾರೋ ಅವರೇ ಕೂಡಿಸಬೇಕು. ಕಾನೂನಿನ ಪ್ರಕಾರ ಆ ಕೋವಿ ಬಳಸಲು ಅವರಿಗೆ ಅವಕಾಶವಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿದ್ದ ರೈಫಲ್ಲು ವಾಪಸು ಬಂದಿದೆ. ಮತ್ತೆ ಕೂಡಿಸಬೇಕೆ?
ಉತ್ತರ: ಒಂದರ ಮೇಲೊಂದು ಒರಗಿಸಿಟ್ಟ ಕೋವಿಗಳಲ್ಲಿ ಸೈಟಿಗೆ ಪೆಟ್ಟು ಬಿದ್ದಿರಬಹುದು. ಪೆನ್ಸಿಲಿನ ಗೆರೆ ಅಥವಾ ಡೈರಿಯ ಗುರುತು ಇದ್ದರೆ ಹೋಲಿಸಿ ನೋಡಿ. ಏನೇ ಆದರೂ ಮೂರು ಗುಂಡಿನ ಒಂದು ಗುಂಪು ಹೊಡೆದು ಖಾತ್ರಿ ಮಾಡಿಕೊಳ್ಳುವುದು ಲೇಸು.

ಕೊನೆಯದಾಗಿ ಒಂದು ಮಾತು. ಗುರಿ ಕೂಡಿಸುವುದು ಬಹುಮಾನದ ತೆಂಗಿನಕಾಯಿಗಾಗಿ ಮಾತ್ರವಲ್ಲ. ಗುಂಡು ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದ ಕೋವಿಯನ್ನು ಆಳುಕಾಳು ಓಡಾಡುವ ತೋಟದಲ್ಲಿ ಇಟ್ಟುಕೊಳ್ಳುವುದು ಮನೆಯವರಿಗೂ ನೆರೆಯವರಿಗೂ ಕ್ಷೇಮವಲ್ಲ. ದೊಡ್ಡಪ್ಪ ಈಗಿಲ್ಲ. ಆ ಎರಡು ಹೆಂಚಿನ ತುಂಡುಗಳನ್ನು ಮಾತ್ರ ಕೋವಿಯ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಪ್ರತಿ ವರ್ಷ ಪೂಜೆಗೆ ಪೆಟ್ಟಿಗೆ ತೆರೆದಾಗ ಮೊದಲು ಕೈಗೆ ಸಿಗುವುದು ಅವೇ. ಸದಸ್ಯ ಬಂಧುಗಳು ಈ ಸಲ ಕೋವಿಯನ್ನು ಒರೆಸುವಾಗ ಅಳತೆಪಟ್ಟಿಯನ್ನೂ ಪೆನ್ಸಿಲನ್ನೂ ಜೊತೆಗೆ ಇಟ್ಟುಕೊಳ್ಳಬೇಕಾಗಿ ವಿನಂತಿ.